ನಮ್ಮೂರಿನ ಕಲ್ಲುಗಳು

ಇತಿಹಾಸವೆಂದರೆ ದೆಹಲಿ, ಹಂಪೆಗಳದ್ದೇ ಎಂದು ನಾನು ಬಹುಕಾಲ ನಂಬಿದ್ದೆನು. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬಳ್ಳಾರಿಗೆ ಬಂದು ಓದುವ ನನಗೆ, ಊರಿನ ಹಳೆಯ ಗುಡಿಗಳು ನೆರಳಿಗೆ ಕೂರುವ ತಾಣಗಳು ಮಾತ್ರವಾಗಿದ್ದುವು.

12ನೆಯ ಶತಮಾನದಲ್ಲಿ ಕುರುಗೋಡು ಸಿಂದ ಮನೆತನದ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಈ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಅಧೀನರು. ರಾಚಮಲ್ಲನೆಂಬುದು ಇವರಲ್ಲಿ ಪ್ರಸಿದ್ಧವಾದ ಹೆಸರು. ಇಲ್ಲಿಯ ಶಾಸನಗಳನ್ನು ಬಾರ್ನೆಟ್ ಎಂಬ ಆಂಗ್ಲ ವಿದ್ವಾಂಸರು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ಚಾಲುಕ್ಯ ಶೈಲಿಯ ಗುಡಿಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲನ್ನು ಕೂರಿಸಿರುತ್ತಾರೆ; ಕಲ್ಲಿನ ಭಾರವೇ ಅದರ ಬಂಧನ. ದೊಡ್ಡಬಸವೇಶ್ವರನ ಗುಡಿಯಲ್ಲಿರುವ ಏಕಶಿಲೆಯ ನಂದಿಯು ಸುಮಾರು 12 ಅಡಿ ಎತ್ತರವಿದೆ. ಊರಿನ ತೇರು ಈ ಬಸವಣ್ಣನದೇ.

1800ರಲ್ಲಿ ಬಳ್ಳಾರಿ ಸೀಮೆಯು ನಿಜಾಮನಿಂದ ಇಂಗ್ಲಿಷರ ಕೈಸೇರಿ ಮದರಾಸು ಆಡಳಿತಕ್ಕೆ ಒಳಪಟ್ಟಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಈ ನಡುವೆ, 1939ರಲ್ಲಿ, ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವೊಂದು ಹೊರಬಂದಿತು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳೂ ಅದರ ಸಂಪಾದಕರಲ್ಲೊಬ್ಬರು. ಆಡಳಿತದ ಗಡಿಗಳು ಬದಲಾದರೂ ಕಲ್ಲಿನ ಭಾಷೆಯು ಬದಲಾಗಲಿಲ್ಲ.

ಅಧ್ಯಾಪಕರಿಂದ ಹಳೆಯ ಲಿಪಿಯನ್ನು ಅಲ್ಪಸ್ವಲ್ಪ ಕಲಿತ ಮೇಲೆ, ಒಂದು ಭಾನುವಾರ ತಂದೆಯವರೊಡನೆ ನಮ್ಮ ಮನೆಯ ಬಳಿಯ ಶಾಸನದ ಮುಂದೆ ಕುಳಿತೆನು. ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಹೆಗಲಿನ ವಲ್ಲಿಯಿಂದ ಧೂಳನ್ನು ಒರೆಸಿ, “ಏನು ಬರದೈತಪ್ಪಾ?” ಎಂದರು. ಮೇಲೆ ಬಳಿದಿದ್ದ ಸುಣ್ಣದ ನಡುವೆ ‘ಸ್ವಸ್ತಿ’ ಎಂಬುದನ್ನೂ, ಇನ್ನೂ ಕೆಳಗೆ ‘ಮತ್ತರು’ ಎಂಬುದನ್ನೂ ಕಷ್ಟದಿಂದ ಓದಿದೆನು. ಮತ್ತರೆಂದರೆ ಅಂದಿನ ಹೊಲದ ಅಳತೆ. ಕೊನೆಯ ಸಾಲುಗಳು ಕಟ್ಟೆಯ ಸಿಮೆಂಟಿನಡಿ ಹೂತುಹೋಗಿವೆ. ದಾನಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಶಾಪವಿರುತ್ತದೆಂದೂ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಬರೆಯುತ್ತಿದ್ದರೆಂದೂ ಹೇಳಿದೆನು. ತಂದೆಯವರು ತುಸು ಯೋಚಿಸಿ, “ಹಂಗಾದ್ರ ಆಗಿನ ಕಾಲದಾಗೂ ಹೊಲ ಕಸಗೊಳ್ಳೋರು ಇದ್ರು ಅನ್ನು” ಎಂದರು. ಬೇರೆಯವರ ಹೊಲದಲ್ಲಿ ದುಡಿದ ಅವರ ಈ ಒಂದು ಮಾತು ನನ್ನ ಪಠ್ಯಗಳಿಗೆ ಹೊಸ ಅರ್ಥವನ್ನು ಕೊಟ್ಟಿತು. ಭಯವಿದ್ದಲ್ಲಿಯೇ ಅಲ್ಲವೇ ಶಾಪ ಬೇಕಾಗುವುದು?

ಫ್ರಾನ್ಸ್ ದೇಶದಲ್ಲಿ 1905ರ ಕಾನೂನಿಗೆ ಮುಂಚಿನ ಹಳ್ಳಿಯ ಚರ್ಚುಗಳಲ್ಲಿ ಬಹುಪಾಲು ಆಯಾ ಗ್ರಾಮಾಡಳಿತದ ಸ್ವತ್ತಾಗಿವೆ. ಸೂರು ಸೋರಿದರೆ ಊರೇ ವಿಚಾರಿಸಬೇಕು. ನಮ್ಮಲ್ಲಿ ಇಲಾಖೆಗಳು ತಮ್ಮ ಕೆಲಸ ಮಾಡಲಿ; ಆದರೆ ಅಕ್ಷರದ ಮೇಲೆ ಸುಣ್ಣ ಬಳಿಯದಂತೆ ತಡೆಯಲು ಊರಿನವರಲ್ಲದೆ ಬೇರಾರು ಹತ್ತಿರವಿರುವರು?

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲೆ ಅಶೋಕನ ಹೆಸರೇ ಇದೆ. ಆ ಕಡೆಯ ಮಿತ್ರರೂ ರಜೆಯಲ್ಲಿ ತಮ್ಮೂರಿನ ಕಲ್ಲುಗಳನ್ನು ಒಮ್ಮೆ ನೋಡಲಿ, ಕಂಡುದನ್ನು ಬರೆದಿಡಲಿ. ಓದಲು ಬಾರದಿದ್ದರೂ ಚಿಂತೆಯಿಲ್ಲ. ಮನೆಯ ಹಿರಿಯರನ್ನು ಜೊತೆಗೆ ಕರೆದೊಯ್ಯಲಿ. ನಾನಂತೂ ಅಂದು ಎರಡು ಪದಗಳನ್ನು ಓದಿದೆನು. ಉಳಿದುದನ್ನು ನನ್ನ ತಂದೆಯವರು ತಿಳಿಸಿಕೊಟ್ಟರು.