ಮಕ್ಕಳು ಮಲಗುವ ಕೋಣೆಗೆ ಯಾವ ದೀಪ?

“ಅವ್ವಾ, ಕತ್ಲು. ಭಯ ಆಯ್ತದೆ.”

ರಾತ್ರಿ ಮಕ್ಕಳು ಹೀಗೆ ಅಂತಾರೆ. ಒಂದಕ್ಕೆ ಏಳುತ್ತಾರೆ. ಕತ್ತಲಲ್ಲಿ ಎಡವುತ್ತಾರೆ. ನಮ್ಮ ಕಾಮಗೆರೆ ಕಡೆ ಮನೆಗೆ ಹೊಲ ಹತ್ತಿರ. ಹಾವು, ಚೇಳು ಒಳಗೆ ಬಂದರೂ ಕಾಣದು. ಅದಕ್ಕೇ ಸಣ್ಣ ಬೆಳಕು ಬೇಕು.

ಬುಡ್ಡಿ ದೀಪ ಬೇಡ. ಮಗು ಹೊರಳಿದರೆ ದೀಪ ಉರುಳುತ್ತದೆ. ಹಾಸಿಗೆಗೆ ಬೆಂಕಿ ಹತ್ತುತ್ತದೆ. ಸೀಮೆಎಣ್ಣೆ ಹೊಗೆ ಮಗುವಿನ ಎದೆಗೆ ಕೆಟ್ಟದ್ದು.

ದೊಡ್ಡ ಬಲ್ಬೂ ಬೇಡ. ಬೆಳಕು ಜಾಸ್ತಿ ಆದರೆ ನಿದ್ದೆ ಕೆಡುತ್ತದೆ. ಬಿಳಿ, ನೀಲಿ ಬೆಳಕು ನಿದ್ದೆಯನ್ನು ಹೆಚ್ಚು ಕೆಡಿಸುತ್ತದೆ. ಕೆಂಪು ಅಥವಾ ಹಳದಿ ಮಂದ ಬೆಳಕು ಒಳ್ಳೆಯದು.

ಹಳೆಯ ಜೀರೋ ಬಲ್ಬು ಹೆಸರಿಗೆ ಮಾತ್ರ ಜೀರೋ. ಅದು ಸುಮಾರು 15 ವ್ಯಾಟ್ ಕರೆಂಟು ತಿನ್ನುತ್ತದೆ. ಎಲ್‌ಇಡಿ ಬಲ್ಬು ಅರ್ಧ ವ್ಯಾಟಿನದೂ ಸಿಗುತ್ತದೆ.

ಲೆಕ್ಕ ಮಾಡೋಣ. 1000 ವ್ಯಾಟ್ 1 ಗಂಟೆ ಉರಿದರೆ 1 ಯೂನಿಟ್. ರಾತ್ರಿಗೆ 10 ಗಂಟೆ ದೀಪ ಉರಿಯಲಿ.
ಹಳೆಯ ಬಲ್ಬು: 30 ರಾತ್ರಿಗೆ ನಾಲ್ಕೂವರೆ ಯೂನಿಟ್.
ಎಲ್‌ಇಡಿ ಬಲ್ಬು: 200 ರಾತ್ರಿಗೆ 1 ಯೂನಿಟ್.

ದೀಪ ಎಲ್ಲಿರಬೇಕು? ಮಗುವಿನ ಕಣ್ಣಿಗೆ ಹೊಡೆಯಬಾರದು. ಕೈಗೆ ಎಟುಕಬಾರದು. ಬಟ್ಟೆ, ಸೊಳ್ಳೆ ಪರದೆ ತಾಗಬಾರದು. ನೆಲವೂ ಬಾಗಿಲೂ ಕಾಣಬೇಕು. ಒಡೆದ ಹೋಲ್ಡರ್, ಕಿತ್ತ ವೈರು ಬೇಡ. ಕರೆಂಟು ಹೋದರೆ? ತಲೆದೆಸೆಯಲ್ಲಿ ಟಾರ್ಚ್ ಇಟ್ಟುಕೊಳ್ಳಿ.

ಅಕ್ಕಂದಿರೇ, ಬಲ್ಬಿನ ಡಬ್ಬದ ಮೇಲೆ ವ್ಯಾಟ್ ಎಷ್ಟು ಎಂದು ಬರೆದಿರುತ್ತದೆ. ಈಗ ನಿಮಗೆ ಅಂಕಿ ಓದಲು ಬರುತ್ತದೆ. ಅಂಗಡಿಯವರು ಕೊಟ್ಟದ್ದನ್ನು ಹಾಗೇ ತರಬೇಡಿ. ಓದಿ ನೋಡಿ ಕೊಳ್ಳಿ.

ಉತ್ತರ ಬರೆಯಿರಿ:
1. ಬುಡ್ಡಿ ದೀಪ ಏಕೆ ಬೇಡ?
2. ನಿಮ್ಮ ಮನೆಯ ಬಲ್ಬು ಎಷ್ಟು ವ್ಯಾಟ್?