ಮೇಲೆ ಗಟ್ಟಿಮೇಳ, ಕೆಳಗೂ ಅಕ್ಷತೆ: ದೂರಕ್ಕೆ ವಿಡಿಯೊ ಒಯ್ಯುವ ಏಳು ಸೂತ್ರಗಳು

ಬೆಂಗಳೂರಿನ ಯಡಿಯೂರು, ಜಯನಗರದ ಕಡೆ ಬಹಳಷ್ಟು ಛತ್ರಗಳಲ್ಲಿ ಧಾರೆ ಒಂದು ಮಹಡಿಯಲ್ಲಿ, ಊಟ ಇನ್ನೊಂದರಲ್ಲಿ. ಮೆಟ್ಟಿಲು ಹತ್ತಲಾರದ ಹಿರಿಯರು ಕೆಳಗೇ ಕೂರುತ್ತಾರೆ. ಅವರ ಮುಂದಿನ ಟಿವಿಗೆ ಮಂಟಪದ ದೃಶ್ಯ ತಲುಪಿಸಲು ನೆಟ್‌ವರ್ಕ್ ಕೇಬಲ್, ಅದರ ಎರಡು ತುದಿಗೆ ಎಕ್ಸ್‌ಟೆಂಡರ್ ಪೆಟ್ಟಿಗೆಗಳು ಇದ್ದರೆ ಸಾಕು. ಆದರೆ ಪೆಟ್ಟಿಗೆಗಿಂತ ತಂತಿಯ ಮೇಲೆ ಹೆಚ್ಚು ನಿಗಾ ಇರಲಿ.

1. ದಾರಿ ಅಳೆಯಿರಿ. ಗೋಡೆ ಹತ್ತಿ, ಮೂಲೆ ತಿರುಗಿ, ಇಳಿಯುವ ಉದ್ದವೂ ಲೆಕ್ಕಕ್ಕೆ ಬರಬೇಕು. ಸಾಧಾರಣ ಎಚ್‌ಡಿಎಂಐ ಕೇಬಲ್ 10–15 ಮೀಟರ್ ದಾಟಿದರೆ ನಂಬುವಂತಿಲ್ಲ. 2010ರಲ್ಲಿ ಬಂದ ಎಚ್‌ಡಿಬೇಸ್‌ಟಿ ಬಗೆಯ ಪೆಟ್ಟಿಗೆಗಳು 100 ಮೀಟರ್‌ವರೆಗೂ ಒಯ್ಯಬಲ್ಲವು.

2. ಬಗೆ ತಿಳಿದು ಕೊಳ್ಳಿ. ಒಂದೇ ಟಿವಿಗಾದರೆ ನೇರ ಜೋಡಣೆಯ ಪೆಟ್ಟಿಗೆ ಸಾಕು. ಅದನ್ನು ನೆಟ್‌ವರ್ಕ್ ಸ್ವಿಚ್ಚಿಗೋ ರೌಟರ್‌ಗೋ ಚುಚ್ಚಬೇಡಿ. ನಾಲ್ಕಾರು ಟಿವಿಗಳಿದ್ದರೆ ನೆಟ್‌ವರ್ಕ್ ಮೂಲಕ ಚಿತ್ರ ಹಂಚುವ ಐಪಿ ಬಗೆಯದು ಬೇಕು, ಅದಕ್ಕೊಂದು ಪ್ರತ್ಯೇಕ ಸ್ವಿಚ್ ಇಡಿ. ಆದರೆ ಇದರಲ್ಲಿ ಚಿತ್ರ ತುಸು ತಡವಾಗುತ್ತದೆ: ಗಟ್ಟಿಮೇಳ ಮೊದಲು ಕೇಳಿಸಿ, ತಾಳಿ ಆಮೇಲೆ ಕಾಣಿಸೀತು.

3. ಅಪ್ಪಟ ತಾಮ್ರವನ್ನೇ ಕೇಳಿ. ಎಸ್‌.ಪಿ. ರಸ್ತೆಯಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಕೊಳ್ಳುವಾಗ ‘ಸಿಸಿಎ’ ಎಂದಿದ್ದರೆ ಬೇಡ. ಅದು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ. ತಂತಿಯನ್ನು ಕೆರೆದಾಗ ಬೆಳ್ಳಗೆ ಕಂಡರೆ ಅನುಮಾನವೇ ಬೇಡ.

4. ಬಣ್ಣ ತಪ್ಪಬೇಡಿ. ಎರಡೂ ತುದಿಗೆ ಟಿ568ಬಿ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊರಗಿನ ಅಡಚಣೆ ತಡೆಯುವುದು ಜೋಡಿ ತಂತಿಗಳ ಹೆಣಿಗೆಯೇ. ಕ್ರಿಂಪ್ ಮಾಡುವಾಗ ಅದನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ.

5. ಕರೆಂಟಿನಿಂದ ದೂರವಿಡಿ. ವಿದ್ಯುತ್ ತಂತಿಯ ಪೈಪಿನಲ್ಲಿ ಇದನ್ನು ತೂರಿಸಬೇಡಿ. ಎರಡೂ ಎದುರಾಗಲೇಬೇಕಾದರೆ ಅಡ್ಡ ಹಾಯಿಸಿ, ಜೊತೆಜೊತೆಗೆ ಎಳೆಯಬೇಡಿ. ನಡುವೆ ಗಂಟು, ಬೆಸುಗೆ ಬೇಡ; ಕೇಬಲ್ ಒಂದೇ ಉದ್ದಕ್ಕಿರಲಿ.

6. ಆಸೆ ಮಿತಿಯಲ್ಲಿರಲಿ. ಊಟದ ಹಾಲಿಗೆ 1080ಪಿ ಧಾರಾಳ. 4ಕೆ ಕಳಿಸಿ ಪರದೆ ಕಪ್ಪಾದರೆ, ಕ್ಯಾಮೆರಾ ಕಡೆಯ ರೆಸಲ್ಯೂಷನ್ ಇಳಿಸಿ ನೋಡಿ. ಎಷ್ಟೋ ಸಲ ಸಮಸ್ಯೆ ಅಷ್ಟಕ್ಕೇ ತೀರುತ್ತದೆ.

7. ವರಪೂಜೆಯ ದಿನವೇ ಪರೀಕ್ಷಿಸಿ. ಮೊದಲು ಎರಡೂ ಪೆಟ್ಟಿಗೆಗಳನ್ನು ಒಂದು ಮೀಟರ್ ಕೇಬಲ್ಲಿನಲ್ಲಿ ಜೋಡಿಸಿ. ಅಲ್ಲಿ ಚಿತ್ರ ಬಂದು, ಉದ್ದದ ಕೇಬಲ್ಲಿನಲ್ಲಿ ಬಾರದಿದ್ದರೆ ದೋಷ ತಂತಿಯಲ್ಲಿದೆ; ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿ. ಆಮೇಲೆ ಒಂದು ಗಂಟೆ ನಿಲ್ಲಿಸದೆ ಓಡಿಸಿ. ಪೆಟ್ಟಿಗೆಗಳಿಗೆ ಯುಪಿಎಸ್ ಕರೆಂಟ್ ಕೊಡಿ. ಮುಹೂರ್ತ ಮತ್ತೊಮ್ಮೆ ಬರುವುದಿಲ್ಲ. ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ಕೆಳಗೆ ಕೂತ ಅಜ್ಜಿಯ ಕೈಯೂ ಟಿವಿಯತ್ತ ಎದ್ದಿತೆಂದರೆ ನಿಮ್ಮ ಜೋಡಣೆ ಗೆದ್ದಿತು.