ಗೂಡಿನ ದರಪಟ್ಟಿ ಎಷ್ಟು ಹೇಳುತ್ತದೆ? ದ್ವಿತೀಯಕ ದತ್ತಾಂಶದಿಂದ ಪ್ರಾಜೆಕ್ಟ್ ಯೋಜಿಸುವುದು ಹೇಗೆ



ಪ್ರಾಜೆಕ್ಟ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಪ್ರಶ್ನಾವಳಿ. ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಇಪ್ಪತ್ತು ಮಂದಿಯಿಂದ ತುಂಬಿಸಿಕೊಂಡು ಬಂದರೆ ಮುಗಿಯಿತು ಎಂದುಕೊಳ್ಳುತ್ತೇವೆ. ಆ ಇಪ್ಪತ್ತರಲ್ಲಿ ಹದಿನೈದು ಮಂದಿ ನಮ್ಮ ನೆಂಟರೇ ಆಗಿರುತ್ತಾರೆ! ಆದರೆ ಬೇರೆಯವರು ಬೇರೆ ಉದ್ದೇಶಕ್ಕಾಗಿ ಈಗಾಗಲೇ ಸಂಗ್ರಹಿಸಿಟ್ಟ ಅಂಕಿ ಅಂಶಗಳಿಂದಲೂ ಒಳ್ಳೆಯ ಪ್ರಾಜೆಕ್ಟ್ ಮಾಡಬಹುದು. ಇದನ್ನೇ ದ್ವಿತೀಯಕ ದತ್ತಾಂಶ ಎನ್ನುತ್ತೇವೆ. ಇದು ಸುಲಭದ ದಾರಿ ಎಂದು ತಿಳಿಯಬೇಡಿ. ಇಲ್ಲಿ ಓಡಾಟ ಕಡಿಮೆ, ಯೋಚನೆ ಹೆಚ್ಚು.

ನಮ್ಮ ಗುಂಪಿನಲ್ಲಿ ನಾಲ್ವರಿದ್ದೇವೆ. ನಾನು ಮತ್ತು ಇನ್ನೊಬ್ಬಳು ನೂಲು ಬಿಚ್ಚುವ ಮನೆಯವರು. ಒಬ್ಬಳು ಕೂಟಗಲ್ ಹೋಬಳಿಯ ರೇಷ್ಮೆ ಬೆಳೆಗಾರರ ಮಗಳು. ನಾಲ್ಕನೆಯವಳ ಮನೆಗೂ ರೇಷ್ಮೆಗೂ ಸಂಬಂಧವಿಲ್ಲ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ, ಕೂಟಗಲ್ ಗೆಳತಿಯ ಮನೆಯಲ್ಲಿ ಕನ್ನಡದಲ್ಲಿ, ಸಂಜೆಯ ಮಾತು ಮಾತ್ರ ಒಂದೇ: ಇವತ್ತು ಗೂಡಿನ ದರ ಎಷ್ಟು? ನಮ್ಮ ಅಬ್ಬಾ, "ಗೂಡಿಗೆ ಇಷ್ಟು ಕೊಟ್ಟರೆ ನೂಲಿನಲ್ಲಿ ನಮಗೆ ಉಳಿಯುವುದೇನು?" ಎನ್ನುತ್ತಾರೆ. ಅವಳ ಅಪ್ಪ, "ಗೂಡು ಜಾಸ್ತಿ ಬಂದ ದಿನ ರೀಲರ್‌ಗಳು ಒಂದಾಗಿ ದರ ಇಳಿಸುತ್ತಾರೆ" ಎನ್ನುತ್ತಾರೆ. ಇಬ್ಬರೂ ನಮ್ಮವರೇ. ಯಾರ ಪರವಾಗಿಯೂ ಬರೆಯದೆ ಈ ಮಾತನ್ನು ಪರೀಕ್ಷಿಸುವುದು ಹೇಗೆ? ಈ ಪ್ರಶ್ನೆಯಿಂದ ನಮ್ಮ ಯೋಜನೆ ಶುರುವಾಯಿತು. ಬೇರೆ ವಿಷಯ ಆರಿಸಿಕೊಂಡವರಿಗೂ ಉಪಯೋಗವಾಗಲಿ ಎಂದು ಅದರ ಹಂತಗಳನ್ನು ಇಲ್ಲಿ ಬರೆದಿದ್ದೇನೆ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

"ರಾಮನಗರದ ರೇಷ್ಮೆ ಉದ್ಯಮ: ಒಂದು ಅಧ್ಯಯನ" ಎಂಬುದು ಶೀರ್ಷಿಕೆ ಆಗಬಹುದು, ಪ್ರಶ್ನೆ ಆಗುವುದಿಲ್ಲ. "ಕೂಟಗಲ್ ರೈತರ ಆದಾಯ ಹೆಚ್ಚಿದೆಯೇ?" ಎಂಬುದು ಒಳ್ಳೆಯ ಪ್ರಶ್ನೆ, ಆದರೆ ಮಾರುಕಟ್ಟೆಯ ದರಪಟ್ಟಿ ಅದಕ್ಕೆ ಉತ್ತರ ಕೊಡುವುದಿಲ್ಲ. ಆದಾಯ ತಿಳಿಯಲು ಖರ್ಚೂ ಬೇಕು. ಅಲ್ಲದೆ ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬೇರೆ ಜಿಲ್ಲೆಗಳ, ನೆರೆರಾಜ್ಯಗಳ ರೈತರೂ ಅಲ್ಲಿಗೆ ಗೂಡು ತರುತ್ತಾರೆ. ಅಲ್ಲಿನ ಸರಾಸರಿ ದರವನ್ನು ಕೂಟಗಲ್‌ನ ದರ ಎಂದು ಕರೆಯುವಂತಿಲ್ಲ.

ಹೀಗೆ ಒಂದೊಂದನ್ನೇ ಬಿಡುತ್ತಾ ಕೊನೆಗೆ ನಾವು ಉಳಿಸಿಕೊಂಡ ಪ್ರಶ್ನೆ ಇದು: "ಒಂದು ವರ್ಷದ ಅವಧಿಯಲ್ಲಿ ರಾಮನಗರ ಮಾರುಕಟ್ಟೆಗೆ ದ್ವಿತಳಿ ಗೂಡು ಹೆಚ್ಚು ಬಂದ ದಿನಗಳಲ್ಲಿ ಸರಾಸರಿ ದರ ಇಳಿದಿದೆಯೇ?" ಇದರಲ್ಲಿ ಸ್ಥಳ, ಕಾಲ, ಸರಕು ಮತ್ತು ಹೋಲಿಸಬೇಕಾದ ಎರಡು ಅಂಕಿ, ಎಲ್ಲವೂ ಇವೆ. ನಿಮ್ಮ ಪ್ರಶ್ನೆಯಲ್ಲಿ ಈ ನಾಲ್ಕೂ ಇವೆಯೇ ಎಂದು ನೋಡಿಕೊಳ್ಳಿ.

2. ಅಂಕಿ ಎಲ್ಲಿದೆ ಎಂದು ಮೊದಲೇ ನೋಡಿ

ಕರ್ನಾಟಕದಲ್ಲಿ 1959ರ ಕಾಯ್ದೆಯ ಪ್ರಕಾರ ರೇಷ್ಮೆಗೂಡಿನ ವ್ಯಾಪಾರ ನಿಯಂತ್ರಿತ ಮಾರುಕಟ್ಟೆಯಲ್ಲಿ ನಡೆಯಬೇಕು. ರೇಷ್ಮೆ ಇಲಾಖೆ ಮಾರುಕಟ್ಟೆವಾರು ಬಂದ ಗೂಡಿನ ಪ್ರಮಾಣ, ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರಗಳನ್ನು ಪ್ರಕಟಿಸುತ್ತದೆ. ದೇಶದ ಮತ್ತು ರಾಜ್ಯಗಳ ಕಚ್ಚಾ ರೇಷ್ಮೆ ಉತ್ಪಾದನೆ ಬೇಕಾದರೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರ ರೇಷ್ಮೆ ಮಂಡಳಿ ಇದೆ. ಇದು 1948ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ಜಿಲ್ಲೆಯ ಮಾಹಿತಿಗೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಪ್ರಕಟಣೆಗಳು, ರಾಜ್ಯದ ಆರ್ಥಿಕ ಸಮೀಕ್ಷೆ ಮತ್ತು ಜನಗಣತಿಯ ಜಿಲ್ಲಾ ಕೈಪಿಡಿ ಇವೆ.

ಹಾಗಾದರೆ ಅಬ್ಬಾ ಬರೆಯುವ ಲೆಕ್ಕದ ಪುಸ್ತಕ? ಅದನ್ನು ಅವರು ವ್ಯಾಪಾರಕ್ಕಾಗಿ ಬರೆದಿದ್ದಾರೆ, ನಮ್ಮ ಪ್ರಾಜೆಕ್ಟ್‌ಗಾಗಿ ಅಲ್ಲ. ಆದ್ದರಿಂದ ನಮ್ಮ ಪಾಲಿಗೆ ಅದೂ ದ್ವಿತೀಯಕ ದತ್ತಾಂಶವೇ. ಆದರೆ ಅದು ಒಂದು ಮನೆಯ ಲೆಕ್ಕ, ಮಾರುಕಟ್ಟೆಯದಲ್ಲ. ಅನುಮತಿ ಇಲ್ಲದೆ ಬಳಸಬಾರದು. ಅನುಮತಿ ಸಿಕ್ಕರೂ ಯಾರ ಹೆಸರೂ ಸಾಲವೂ ಪ್ರಾಜೆಕ್ಟ್‌ನಲ್ಲಿ ಕಾಣಬಾರದು. ನಾವು ಅದನ್ನು ಪದಗಳ ಅರ್ಥ ತಿಳಿಯಲು ಮಾತ್ರ ಬಳಸಿದೆವು.

3. ಅಂಕಿ ಹೇಗೆ ಹುಟ್ಟಿತು ಎಂದು ಕೇಳಿ

ಪ್ರಾಜೆಕ್ಟ್‌ನ ಜೀವ ಇರುವುದು ಈ ಹಂತದಲ್ಲಿ. ದರಪಟ್ಟಿಯಲ್ಲಿ ಒಂದು ಸಂಖ್ಯೆ ಕಂಡ ಕೂಡಲೇ ಬರೆದುಕೊಳ್ಳಬೇಡಿ. ಅದರ ಹಿಂದೆ ಒಂದು ಕೆಲಸ ನಡೆದಿದೆ. ರೈತರು ಗೂಡು ತಂದು ಲಾಟು ಹಾಕುತ್ತಾರೆ, ರೀಲರ್‌ಗಳು ಗೂಡು ನೋಡಿ ಇ-ಹರಾಜಿನಲ್ಲಿ ಬಿಡ್ ಮಾಡುತ್ತಾರೆ, ತೂಕ ಆಗುತ್ತದೆ, ಹಣ ಪಾವತಿಯಾಗುತ್ತದೆ. ಪಟ್ಟಿಯಲ್ಲಿರುವ ಸಂಖ್ಯೆ ಹೀಗೆ ನಡೆದ ವ್ಯಾಪಾರದ್ದು. ಮಾರುಕಟ್ಟೆಯ ಹೊರಗೆ ಕೈ ಬದಲಾದ ಗೂಡು ಅದರಲ್ಲಿ ಸೇರಿರುವುದಿಲ್ಲ. ಆದ್ದರಿಂದ "ಮಾರುಕಟ್ಟೆಗೆ ಬಂದ ಗೂಡು" ಎಂದು ಬರೆಯಿರಿ, "ಉತ್ಪಾದನೆ" ಎಂದು ಬರೆಯಬೇಡಿ.

ಬಿಳಿ ದ್ವಿತಳಿ ಗೂಡನ್ನೂ ಹಳದಿ ಮಿಶ್ರತಳಿ ಗೂಡನ್ನೂ ಒಂದೇ ಕಾಲಂನಲ್ಲಿ ಸೇರಿಸಬೇಡಿ. ಎರಡರ ನೂಲಿನ ಗುಣವೂ ದರವೂ ಬೇರೆ. ಎರಡನ್ನೂ ಬೆರೆಸಿದರೆ, ಹಳದಿ ಗೂಡು ಹೆಚ್ಚು ಬಂದ ದಿನ ಸರಾಸರಿ ತಾನಾಗಿಯೇ ಬದಲಾಗುತ್ತದೆ. ನಾವು ಅದನ್ನು "ದರ ಬಿತ್ತು" ಎಂದು ಓದಿಬಿಡುತ್ತೇವೆ.

ಸರಾಸರಿಯ ಬಗ್ಗೆ ಇನ್ನೊಂದು ಮಾತು. ಲೆಕ್ಕ ತಿಳಿಯಲು ನಾನೇ ಇಟ್ಟುಕೊಂಡ ಅಂಕಿಗಳನ್ನು ನೋಡಿ. ಮೊದಲ ದಿನ 10,000 ಕಿಲೋ ಗೂಡು, ದರ 500 ರೂ. ಎರಡನೆಯ ದಿನ 30,000 ಕಿಲೋ, ದರ 400 ರೂ. ಎರಡು ದರಗಳ ಸಾದಾ ಸರಾಸರಿ 450 ರೂ. ಆದರೆ ಒಟ್ಟು ಹಣ 1,70,00,000 ರೂಪಾಯಿಯನ್ನು ಒಟ್ಟು ತೂಕ 40,000 ಕಿಲೋದಿಂದ ಭಾಗಿಸಿದರೆ ಬರುವುದು 425 ರೂ. ರೈತರ ಕೈಗೆ ಕಿಲೋಗೆ ಸಿಕ್ಕಿದ ನಿಜವಾದ ಸರಾಸರಿ ಇದು. ಪಾಠದಲ್ಲಿ ಓದಿದ ತೂಕದ ಸರಾಸರಿ ಪರೀಕ್ಷೆಗೆ ಮಾತ್ರವಲ್ಲ, 25 ರೂಪಾಯಿಯ ವ್ಯತ್ಯಾಸ ಹಿಡಿಯುವುದಕ್ಕೂ ಬೇಕು.

ಅಬ್ಬಾ ಹೇಳುವ ಮಾತಿಗೂ ಒಂದು ಲೆಕ್ಕ ಇದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬುದನ್ನು ನಮ್ಮ ಕಡೆ ರೆಂಡಿಟ್ಟ ಎನ್ನುತ್ತಾರೆ. ಗೂಡು ಕಿಲೋಗೆ 500 ರೂ. ಎಂದು ಇಟ್ಟುಕೊಳ್ಳಿ. ರೆಂಡಿಟ್ಟ 7 ಆದರೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚೇ 3,500 ರೂ. ಅದೇ 8 ಆದರೆ 4,000 ರೂ. ಕೂಲಿ, ಸೌದೆ, ಕರೆಂಟು ಇದರ ಮೇಲೆ. ಅಂದರೆ ದರ ಬದಲಾಗದಿದ್ದರೂ ಗೂಡಿನ ಗುಣ ಬದಲಾದರೆ ರೀಲರ್ ಲಾಭ ಬದಲಾಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಗೂಡಿನಿಂದ ಎಳೆ ಸರಿಯಾಗಿ ಬಿಚ್ಚಿಕೊಳ್ಳದೆ ಕಡಿಯುತ್ತದೆ. ದಿನದ ಸರಾಸರಿ ದರದಲ್ಲಿ ಈ ಗುಣ ಬೇರೆಯಾಗಿ ಕಾಣುವುದಿಲ್ಲ.

4. ಹೆಸರು ಒಂದೇ ಇದ್ದರೂ ಗಡಿ ಒಂದೇ ಇರಬೇಕಿಲ್ಲ

ಜಿಲ್ಲೆಯ ಹಳೆಯ ಅಂಕಿಗಳನ್ನು ಹುಡುಕುವವರು ಇದನ್ನು ನೆನಪಿಡಿ. ನಮ್ಮ ಊರುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿದ್ದವು, ಅನಂತರ ಬೆಂಗಳೂರು ಗ್ರಾಮಾಂತರದಲ್ಲಿ. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. 2011ರ ಜನಗಣತಿಯಲ್ಲಿ ಜಿಲ್ಲೆಗೆ ನಾಲ್ಕೇ ತಾಲ್ಲೂಕು. ಹಾರೋಹಳ್ಳಿ ಕನಕಪುರದಿಂದ ಬೇರೆಯಾದದ್ದು ಆಮೇಲೆ. ಕನಕಪುರದ ಅಂಕಿ ಇದ್ದಕ್ಕಿದ್ದಂತೆ ಕಡಿಮೆಯಾದರೆ, ಬೆಳೆ ಕಡಿಮೆಯಾಯಿತೋ ತಾಲ್ಲೂಕು ಚಿಕ್ಕದಾಯಿತೋ ಎಂದು ನೋಡಬೇಕು.

ವರ್ಷ ಎಂಬ ಪದವೂ ಹಾಗೆಯೇ. ಸರ್ಕಾರಿ ಪಟ್ಟಿಯಲ್ಲಿ 2019-20 ಎಂದರೆ ಏಪ್ರಿಲ್‌ನಿಂದ ಮಾರ್ಚ್. ಇನ್ನೊಂದು ಪಟ್ಟಿ ಜನವರಿಯಿಂದ ಡಿಸೆಂಬರ್‌ವರೆಗೆ ಇರಬಹುದು. ಎರಡನ್ನೂ ಅಕ್ಕಪಕ್ಕ ಇಡಬೇಡಿ. ನಮ್ಮ ಮನೆಗಳವರಿಗೆ ಬೇಗ ಅರ್ಥವಾಗುವ ಉದಾಹರಣೆ ರಂಜಾನ್. ಅದು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಈ ವರ್ಷದ ಏಪ್ರಿಲ್ಲನ್ನು ಐದು ವರ್ಷದ ಹಿಂದಿನ ಏಪ್ರಿಲ್ ಜೊತೆ ಹೋಲಿಸಿದರೆ, ಒಂದರಲ್ಲಿ ಉಪವಾಸ ಮತ್ತು ಈದ್ ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ರೀಲರ್‌ಗಳಲ್ಲಿ ಮುಸ್ಲಿಮರು ಬಹಳ ಇರುವ ನಮ್ಮ ಊರಿನಲ್ಲಿ ಇದನ್ನು ಮರೆಯುವಂತಿಲ್ಲ.

5. ದಿನಗಳನ್ನು ಮೊದಲೇ ಆರಿಸಿ, ಅಂಕಿಯನ್ನು ಆಮೇಲೆ ನೋಡಿ

ವರ್ಷದ ಎಲ್ಲ ದಿನಗಳನ್ನೂ ಬರೆಯುವುದು ಕಷ್ಟ. ಹಾಗೆಂದು ನಮಗೆ ಬೇಕಾದ ದಿನಗಳನ್ನು ಆರಿಸಿಕೊಂಡರೆ ನಾನು ಅಬ್ಬಾ ಹೇಳಿದ್ದನ್ನು ಸಾಧಿಸುತ್ತೇನೆ, ಗೆಳತಿ ಅವಳ ಅಪ್ಪ ಹೇಳಿದ್ದನ್ನು ಸಾಧಿಸುತ್ತಾಳೆ. ಅದಕ್ಕೇ ಪಟ್ಟಿ ತೆರೆಯುವ ಮುಂಚೆಯೇ ನಿಯಮ ಬರೆದು ನಾಲ್ವರೂ ಸಹಿ ಹಾಕಿದೆವು: ಪ್ರತಿ ತಿಂಗಳ 5, 15 ಮತ್ತು 25ನೇ ತಾರೀಖು. ಅಂದು ಮಾರುಕಟ್ಟೆಗೆ ರಜೆ ಇದ್ದರೆ ಮರುದಿನ. ಹೀಗೆ 12 ತಿಂಗಳಿಗೆ 36 ಸಾಲುಗಳು. ಕಾಲಂಗಳು ಇಷ್ಟೇ: ದಿನಾಂಕ, ಬಂದ ಗೂಡು ಕಿಲೋಗಳಲ್ಲಿ, ಕನಿಷ್ಠ ದರ, ಗರಿಷ್ಠ ದರ, ಸರಾಸರಿ ದರ, ಷರಾ. ಒಬ್ಬಳು ಓದುತ್ತಾಳೆ, ಒಬ್ಬಳು ಬರೆಯುತ್ತಾಳೆ, ಮೂರನೆಯವಳು ಮತ್ತೆ ತಾಳೆ ನೋಡುತ್ತಾಳೆ. ಸಹಸಂಬಂಧ ಲೆಕ್ಕ ಹಾಕುವವಳು ರೇಷ್ಮೆಗೆ ಸಂಬಂಧವಿಲ್ಲದ ಮನೆಯವಳು.

6. ಹೊರಗಿನ ಕಾರಣಗಳಿಗೆ ಜಾಗ ಬಿಡಿ

ಷರಾ ಕಾಲಂ ಖಾಲಿ ಬಿಡುವುದಕ್ಕಲ್ಲ. ಹಬ್ಬ, ಮಳೆ, ಮುಷ್ಕರ, ಸರ್ಕಾರದ ನಿರ್ಧಾರ, ಎಲ್ಲವೂ ಅಲ್ಲಿ ಬರಬೇಕು. ಗೂಡಿನ ದರ ರಾಮನಗರದಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ರೇಷ್ಮೆ ತಯಾರಿಸುವುದು ಚೀನಾ, ಎರಡನೆಯದು ಭಾರತ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಆ ವರ್ಷಗಳನ್ನು ಅಧ್ಯಯನ ಮಾಡುವವರು ಸುಂಕವನ್ನು ಬಿಟ್ಟು ದರ ವಿವರಿಸಿದರೆ ಅರ್ಧ ಕಥೆ ಹೇಳಿದಂತೆ. 2020ರ ಲಾಕ್‌ಡೌನ್ ತಿಂಗಳುಗಳನ್ನೂ ಬೇರೆಯಾಗಿ ಗುರುತಿಸಬೇಕು.

7. ಅಂಕಿ ಹೇಳದ್ದನ್ನು ನೀವೂ ಹೇಳಬೇಡಿ

ಗೂಡು ಹೆಚ್ಚು ಬಂದ ದಿನ ದರ ಇಳಿದಿದೆ ಎಂದು ಬಂದರೆ, ರೀಲರ್‌ಗಳು ಒಂದಾದರು ಎಂದು ಸಾಬೀತಾಯಿತೇ? ಇಲ್ಲ. ಪೂರೈಕೆ ಹೆಚ್ಚಾದರೆ ದರ ಇಳಿಯುವುದು ನಾವು ಓದಿದ ನಿಯಮವೇ. ದರ ಇಳಿದಿಲ್ಲ ಎಂದು ಬಂದರೆ ರೈತರಿಗೆ ಅನ್ಯಾಯವೇ ಆಗಿಲ್ಲ ಎಂದಾಯಿತೇ? ಅದೂ ಇಲ್ಲ. ದರ ಇಳಿದದ್ದು ಪಟ್ಟಿಯಲ್ಲಿದೆ, ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಜನರೂ ಇದ್ದಾರೆ. ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುವ ಹೆಂಗಸರ ಕೂಲಿ ಗೂಡಿನ ದರಪಟ್ಟಿಯ ಯಾವ ಕಾಲಂನಲ್ಲೂ ಇಲ್ಲ. ಹುಳುವಿಗೆ ರಾತ್ರಿ ಸೊಪ್ಪು ಹಾಕುವ ಕೂಟಗಲ್ ಕಡೆಯ ತಾಯಂದಿರ ದುಡಿಮೆಯೂ ಇಲ್ಲ. ಅದಕ್ಕಾಗಿ ಪ್ರಾಜೆಕ್ಟ್‌ನ ಕೊನೆಯಲ್ಲಿ "ಮಿತಿಗಳು" ಎಂಬ ಭಾಗಕ್ಕೆ ಒಂದು ಪೂರ್ತಿ ಪುಟ ಇಟ್ಟಿದ್ದೇವೆ. ಸಮಯದ ಅಭಾವ ಎಂದು ಒಂದು ಸಾಲು ಬರೆದು ಮುಗಿಸುವ ಭಾಗ ಅದಲ್ಲ.

ಆರು ವಾರದ ವೇಳಾಪಟ್ಟಿ

ಮೊದಲ ವಾರ: ಪ್ರಶ್ನೆ ಮತ್ತು ಉದ್ದೇಶ ಬರೆದು ಉಪನ್ಯಾಸಕರಿಗೆ ತೋರಿಸುವುದು.
ಎರಡನೆಯ ವಾರ: ಅಂಕಿ ಸಿಗುತ್ತದೆಯೇ ಎಂದು ಮೂರು ದಿನಗಳ ಪಟ್ಟಿ ತೆಗೆದು ಪರೀಕ್ಷಿಸುವುದು. ಸಿಗದಿದ್ದರೆ ಪ್ರಶ್ನೆ ಬದಲಿಸಲು ಇನ್ನೂ ಸಮಯವಿದೆ.
ಮೂರನೆಯ ವಾರ: ಕೋಷ್ಟಕ ತುಂಬಿ ತಾಳೆ ನೋಡುವುದು. ಅಂಕಿ ಎಲ್ಲಿಂದ, ಯಾವ ದಿನ ತೆಗೆದದ್ದು ಎಂದು ಆಗಲೇ ಬರೆಯುವುದು.
ನಾಲ್ಕನೆಯ ವಾರ: ಸರಾಸರಿ, ರೇಖಾಚಿತ್ರ, ಸಹಸಂಬಂಧ.
ಐದನೆಯ ವಾರ: ಬರವಣಿಗೆ. ಅಂಕಿ ಮೊದಲು, ಅಭಿಪ್ರಾಯ ಆಮೇಲೆ.
ಆರನೆಯ ವಾರ: ಒಬ್ಬರು ರೈತರಿಗೆ, ಒಬ್ಬರು ರೀಲರ್‌ಗೆ ಓದಿ ಹೇಳಿ, ಪದಗಳು ಸರಿಯಿವೆಯೇ ಎಂದು ಕೇಳುವುದು.

ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದೆ, ಅದು ಬರಲಿ. ಆದರೆ ಅಂಕಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ದರಪಟ್ಟಿ ಬರೆದವರಿಗೆ ನಾನು ಯಾರ ಮಗಳು ಎಂದು ಗೊತ್ತಿರಲಿಲ್ಲ, ನಮ್ಮ ಜಗಳವೂ ಗೊತ್ತಿರಲಿಲ್ಲ. ಹಾಗಾಗಿ ಆ ಕಾಗದವನ್ನು ಅಬ್ಬಾ ಮುಂದೆಯೂ ಇಡಬಹುದು, ಕೂಟಗಲ್‌ನ ಗೆಳತಿಯ ಅಪ್ಪನ ಮುಂದೆಯೂ ಇಡಬಹುದು. ನಿಮ್ಮ ಮನೆಯಲ್ಲಿ ಗೊಂಬೆಯ ಕೆಲಸವೋ ಮಾವಿನ ವ್ಯಾಪಾರವೋ ಇದ್ದರೆ ಅಲ್ಲಿಯೂ ಇಂಥ ಎರಡು ಮಾತುಗಳು ಇದ್ದೇ ಇರುತ್ತವೆ. ಅದನ್ನು ಹುಡುಕಿ, ಪ್ರಶ್ನೆ ಮಾಡಿಕೊಳ್ಳಿ. ಎಲ್ಲರಿಗೂ ಶುಭವಾಗಲಿ.